ಎಡಕ್ಕೆ ಮಾತ್ರ ಉಸಿರು

ಈಜುವಾಗ ಬಲಕ್ಕೆ ಹೊರಳಿ ಉಸಿರು ತೆಗೆದುಕೊಳ್ಳಲು ನನಗೆ ಇಂದಿಗೂ ಬರುವುದಿಲ್ಲ. ಕೇಳಿದವರಿಗೆ ಕುತ್ತಿಗೆ ನೋವು ಎನ್ನುತ್ತೇನೆ. ಅದು ಸುಳ್ಳು.

ನಮ್ಮ ಕಡೆ ಮಕ್ಕಳು ಏಳೆಂಟು ವರ್ಷಕ್ಕೆ ಈಜು ಕಲಿಯುತ್ತವೆ. ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟುವುದು, ಹಿಂದಿನಿಂದ ಯಾರೋ ಬಾವಿಗೆ ದೂಡುವುದು, ಅಷ್ಟೇ ಪಾಠ. ನಾನು ಬೆಳೆದದ್ದು ನಿಪ್ಪಾಣಿಯ ಬಾಡಿಗೆ ಮನೆಯಲ್ಲಿ. ಸೋದರಮಾವನ ಊರಲ್ಲಿ ಡಬ್ಬಿ ಕಟ್ಟಿಸಿಕೊಂಡಾಗ ನನಗೆ ಇಪ್ಪತ್ತೊಂದು. ಒಂದು ಬೇಸಿಗೆಯಲ್ಲಿ ತಲೆ ಎತ್ತಿ, ಕೈಕಾಲು ಬಡಿದು, ಮುಳುಗದೆ ಇರುವಷ್ಟು ಕಲಿತೆ. ಬಾವಿಗೆ ಒಂದು ಸುತ್ತು ಹಾಕಿದರೆ ಎದೆ ಹರಿದುಹೋದಂತೆ ಆಗುತ್ತಿತ್ತು. ಆಮೇಲೊಮ್ಮೆ ಚರ್ಚಾಸ್ಪರ್ಧೆಗೆಂದು ಕೊಲ್ಲಾಪುರಕ್ಕೆ ಹೋದಾಗ ಅಲ್ಲಿಯ ಈಜುವ ಟಾಂಕಿಯಲ್ಲಿ ಒಬ್ಬ ಫ್ರೀಸ್ಟೈಲ್ ಹೊಡೆಯುವುದನ್ನು ಕಂಡೆ. ಸದ್ದಿಲ್ಲ, ಗಡಿಬಿಡಿಯಿಲ್ಲ, ಹೋಗುತ್ತಿದ್ದ, ಬರುತ್ತಿದ್ದ. ನನಗೆ ಅದು ಬೇಕಾಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ, ಮತ್ತೆ ಮಾವನ ಊರಿಗೆ ಹೋಗಿದ್ದೆ. ಸೋದರಮಾವನ ಹೊಲ ರಾಯಬಾಗ ತಾಲ್ಲೂಕಿನಲ್ಲಿ, ಹಾರೂಗೇರಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಇತ್ತು. ದುಂಡನೆಯ ಕಲ್ಲುಕಟ್ಟಿನ ಬಾವಿ, ಪಕ್ಕದಲ್ಲಿ ಮೋಟರ್ ಶೆಡ್ಡು. ಒಂದು ಬೆಳಿಗ್ಗೆ ನಾನು ನೀರಿನಲ್ಲಿ ಒದ್ದಾಡುತ್ತಿದ್ದಾಗ ಮೇಲಿನಿಂದ ದನಿ ಬಂತು.

"ಏನ್ರಿ ವಕೀಲ್ರ, ನೀರಿನ ಕೂಡನೂ ಜಗಳಾ ತಗದೀರೇನು?"

ನಾನು ವಕೀಲನಲ್ಲ. ಕಂಡಕಂಡವರೊಂದಿಗೆ ವಾದಕ್ಕೆ ನಿಲ್ಲುತ್ತಿದ್ದುದರಿಂದ ಊರು ಇಟ್ಟ ಹೆಸರು ಅದು. ಕರೆದವರು ಸೈನ್ಯದಿಂದ ನಿವೃತ್ತರಾಗಿ ಬಂದ ಹವಾಲ್ದಾರರು. ಹಾರೂಗೇರಿಯ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸ. ದಿನವೂ ಸೈಕಲ್ ಮೇಲೆ ಇದೇ ದಾರಿ. ಪುಣೆಯಲ್ಲಿ ಸೈನ್ಯದ ಟಾಂಕಿಯೊಳಗೆ ಫ್ರೀಸ್ಟೈಲ್ ಕಲಿತವರು. ನಮ್ಮ ಸುತ್ತಿನ ಹತ್ತು ಹಳ್ಳಿಗಳಲ್ಲಿ ಅದನ್ನು ಬಲ್ಲವರು ಬಹುಶಃ ಅವರೊಬ್ಬರೇ.

ಮರುದಿನದಿಂದ ಅರ್ಧ ತಾಸು ಮೊದಲೇ ಬರತೊಡಗಿದರು. ನಾನು ಗೋಡೆಯನ್ನು ಎಡಕ್ಕಿಟ್ಟುಕೊಂಡು ಬಾವಿ ಸುತ್ತುತ್ತಿದ್ದೆ. ಅವರು ದಂಡೆಯ ಮೇಲೆ ನನ್ನ ಸಮಕ್ಕೆ ನಡೆಯುತ್ತಿದ್ದರು. ಉಸಿರಿಗೆ ಎಡಕ್ಕೆ ಹೊರಳಿದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತಿತ್ತು.

"ತಲಿ ಎತ್ತಬ್ಯಾಡ್ರಿ, ಕಾಲು ಮುಳಗತಾವ!"

"ಮೊಣಕಾಲಿಂದ ಒದಿಯಾಕತ್ತೀರಿ. ಸೈಕಲ್ ಅಲ್ಲದು. ತೊಡಿಯಿಂದ ಬರ್ಲಿ!"

"ಉಸಿರು ಯಾಕ ಕೂಡಿಡತೀರಿ? ನೀರಾಗ ಬಿಡ್ರಿ, ಬಿಟ್ರ ಹೊಸಾದು ಬರತೈತಿ!"

ಈ ಕೊನೆಯದೇ ನನ್ನ ದೊಡ್ಡ ತಪ್ಪು. ವೇದಿಕೆಯ ಮೇಲೆ ನಾನು ಉಸಿರು ಬಿಗಿಹಿಡಿದೇ ಮಾತಾಡುತ್ತಿದ್ದೆ. ಎದುರಾಳಿಗೆ ನಡುವೆ ಬಾಯಿ ಹಾಕಲು ಸಂದು ಸಿಗಬಾರದು. ಅದೇ ಚಾಳಿ ನೀರಿನಲ್ಲಿ ನನ್ನನ್ನು ಕೊಲ್ಲುತ್ತಿತ್ತು. ನೀರೊಳಗೆ ಗುಳುಗುಳು ಎಂದು ಉಸಿರು ಬಿಡುವುದನ್ನು ಕಲಿಯಲು ಎಂಟು ದಿನ ಹಿಡಿಯಿತು. ಒಂದು ಸುತ್ತಿಗೆ ನಲವತ್ತು ಕೈ ಬೀಸುತ್ತಿದ್ದವನು ಇಪ್ಪತ್ತೆಂಟಕ್ಕೆ ಇಳಿದೆ.

ಆದರೆ ಕೈಯನ್ನು ನೀರಿನಿಂದ ಎತ್ತುವಾಗ ಮೊಣಕೈ ಮೇಲಿರಬೇಕು ಎನ್ನುತ್ತಿದ್ದರಲ್ಲ, ಅದು ಮಾತ್ರ ತಲೆಗೆ ಹತ್ತಲಿಲ್ಲ. ಕಲ್ಲಿನ ಮೇಲೆ ಬೋರಲು ಮಲಗಿ ಕೈ ಆಡಿಸಿ ತೋರಿಸಿದರು.

"ನೆಲದ ಮ್ಯಾಲ ಯಾರು ಬೇಕಾದವರೂ ಈಜತಾರ್ ಕಾಕಾ," ಎಂದೆ. "ಕಣ್ಣಿಲೆ ನೋಡದ ನಾ ಏನೂ ನಂಬೂದಿಲ್ಲ. ಇಳದು ತೋರಸ್ರಿ."

"ಮ್ಯಾಲಿಂದನ ತಪ್ಪು ಛಲೋ ಕಾಣತಾವ," ಎಂದು ನಕ್ಕರು.

ಅವರು ಸೈನ್ಯದ ಹಸಿರು ಬಾಟ್ಲಿಯಲ್ಲಿ ತಮ್ಮ ನೀರು ತಾವೇ ತರುತ್ತಿದ್ದರು. ನಾನು ಅದನ್ನು ಶಿಸ್ತು ಎಂದುಕೊಂಡೆ. ಬಾವಿಯ ಮೆಟ್ಟಿಲಿಗೆ ಒಮ್ಮೆಯೂ ಕಾಲಿಡಲಿಲ್ಲ. ಅದನ್ನು ಡ್ಯೂಟಿಯ ಬಟ್ಟೆ ಒದ್ದೆಯಾಗಬಾರದೆಂಬ ಎಚ್ಚರ ಎಂದುಕೊಂಡೆ. ಹೀಗೆ ಬರೆದರೆ ನಾನು ಮುಗ್ಧನೆಂದು ನೀವು ನಂಬಬಹುದು. ನಂಬಬೇಡಿ. ಅವರ ಮನೆ ಊರ ಹೊರಗಿನ ಕೇರಿಯಲ್ಲಿತ್ತು, ತಂದೆಯ ಕಾಲಕ್ಕೆ ಬೌದ್ಧರಾದ ಮನೆತನ. ಆ ಕೇರಿಯವರು ಮಾವನ ಕಬ್ಬು ಕಡಿಯುತ್ತಿದ್ದರು, ಬಾವಿಗೆ ಇಳಿಯುತ್ತಿರಲಿಲ್ಲ. ಅಸ್ಪೃಶ್ಯತೆಯ ವಿಷಯದ ಮೇಲೆ ಚಿಕ್ಕೋಡಿಯಲ್ಲಿ ಪರವಾಗಿ, ಅಥಣಿಯಲ್ಲಿ ವಿರೋಧವಾಗಿ... ಅಂದರೆ ಕಾನೂನಿನಿಂದ ಅದು ಹೋಗುತ್ತದೆ ಎಂದು ಒಮ್ಮೆ, ಹೋಗುವುದಿಲ್ಲ ಎಂದು ಇನ್ನೊಮ್ಮೆ ಮಾತಾಡಿ ಎರಡೂ ಕಡೆ ಮೊದಲ ಬಹುಮಾನ ತಂದವನಿಗೆ ಇಷ್ಟು ತಿಳಿಯದೆ ಇರುತ್ತದೆಯೇ?

ಒಂದು ಬೆಳಿಗ್ಗೆ ಮಾವ ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ಹವಾಲ್ದಾರರು ದಂಡೆಯ ಮೇಲಿದ್ದರು. ಇದೇ ಸಮಯವೆಂದು ನೀರಿನಿಂದಲೇ ಶುರು ಮಾಡಿದೆ.

"ಮಾಮಾ, ಕಾಕಾ ಬಾವ್ಯಾಗ ಇಳದು ತೋರಸಬೇಕು. ನಿಂದೇನರ ತಕರಾರ ಐತೇನು?"

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. "ಯಾಂವಲೇ ನಿನಗ ಕಾಕಾ?" ಎಂದ. ಆಮೇಲೆ, "ನಂದೇನ ತಕರಾರ? ಭಾಷಣಾ ಮಾಡಿ ಬಹುಮಾನದ ಢಾಲು ತಂದಾಂವ ನೀ. ಅದನ್ನ ಗ್ವಾಡಿಗೆ ತೂಗಹಾಕಿದಾಂವ ನಾ. ಇಳೀಲಿ, ಯಾರು ಬ್ಯಾಡಂದಾರ?"

ನಾನು ಗೆದ್ದೆ. ಹವಾಲ್ದಾರರು ಬಾಗಿ, ನನಗಷ್ಟೇ ಕೇಳುವಂತೆ ಹೇಳಿದರು: "ಬ್ಯಾಡ್ರಿ ವಕೀಲ್ರ. ಗೆಲ್ಲಾವ್ರು ನೀವು, ತೋಯಿಸಿಕೊಳ್ಳಾಂವ ನಾ."

ಅಲ್ಲಿಗೆ ಬಿಡಬಹುದಿತ್ತು. "ಯಾಕ ಕಾಕಾ, ಮಿಲ್ಟ್ರಿಯವ್ರು ಹೆದರಿದ್ರೇನು?" ಎಂದೆ, ಗಟ್ಟಿಯಾಗಿ.

ಅವರು ಅಂಗಿ ಬಿಚ್ಚಿ ಮಡಿಸಿ ಸೈಕಲ್ಲಿನ ಮೇಲಿಟ್ಟರು. ಒಂದೊಂದೇ ಮೆಟ್ಟಿಲಿಳಿದು ನೀರಿಗೆ ಬಂದರು. ಎರಡು ಸುತ್ತು ಈಜಿದರು. ಮೊಣಕೈ ಮೊದಲು ಮೇಲೆದ್ದು, ಕೈ ಸಡಿಲಾಗಿ ಮುಂದೆ ಹೋಗಿ, ಬೆರಳು ನೀರಿಗೆ ಸದ್ದಿಲ್ಲದೆ ಸೇರುತ್ತಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಉಸಿರು. ಹದಿನೈದು ದಿನ ತಿಳಿಯದ್ದು ಎರಡು ಸುತ್ತಿನಲ್ಲಿ ತಿಳಿಯಿತು. ಮೇಲೆ ಹತ್ತಿ ಮೈ ಒರೆಸಿಕೊಳ್ಳುತ್ತ, "ನಾಳಿಂದ ಬಲಕ್ಕ ಉಸಿರು ತಗೊಳ್ಳೂದು ಕಲೀರಿ. ಒಂದ ಮಗ್ಗಲಾದ್ರ ಈಜು ಡೊಂಕ ಆಕ್ಕೈತಿ," ಎಂದರು. ಮಾವ ಆಗಲೇ ಎದ್ದು ಹೋಗಿದ್ದ.

ಮರುದಿನ ನಾನು ಹೊಲಕ್ಕೆ ಬರುವಷ್ಟರಲ್ಲಿ ಮೋಟರು ಓಡುತ್ತಿತ್ತು. ಬಾವಿಯ ತಳದಲ್ಲಿ ಕೆಸರು, ನಾಲ್ಕು ಆಮೆ.

"ಕಬ್ಬಿಗೆ ನೀರ ಬೇಕಾಗಿತ್ತು," ಎಂದ ಮಾವ, ನಾನು ಕೇಳುವ ಮೊದಲೇ.

ಬೇಸಿಗೆಯಲ್ಲಿ ಬಾವಿ ಬರಿದಾಗುವುದು ಹೊಸದಲ್ಲ. ಸಂಶಯದ ಲಾಭವನ್ನು ಮಾವನಿಗೆ ಕೊಡಲು ನಾನು ಸಿದ್ಧನಿದ್ದೆ, ಆತುರದಲ್ಲೇ ಇದ್ದೆ. ಆದರೆ ಕಬ್ಬಿನ ಸಾಲುಗಳು ಒಣಗಿದ್ದವು. ಪೈಪಿನ ಬಾಯಿ ರಸ್ತೆಯ ಕಡೆಗೆ ತಿರುಗಿತ್ತು. ನೀರು ರಸ್ತೆ ದಾಟಿ ಆಚೆಯ ಹಳ್ಳಕ್ಕೆ ಹರಿಯುತ್ತಿತ್ತು. ಕಣ್ಣಿಲೆ ನೋಡದೆ ನಂಬದವನಿಗೆ ಇನ್ನೇನು ಬೇಕಿತ್ತು?

ಹವಾಲ್ದಾರರು ಅದೇ ಹೊತ್ತಿಗೆ ಬಂದರು. ಹರಿಯುವ ನೀರಿನ ಈಚೆಗೆ ಸೈಕಲ್ ನಿಲ್ಲಿಸಿ ಇಳಿದರು. ಬಾವಿಯವರೆಗೆ ಬರಲಿಲ್ಲ, ಬರುವ ಅಗತ್ಯವಿರಲಿಲ್ಲ. ಪೈಪು ನೋಡಿದರು, ಕಬ್ಬು ನೋಡಿದರು, ನನ್ನನ್ನು ನೋಡಿದರು. ಮಾವ ನನ್ನ ಬೆನ್ನ ಹಿಂದೆಯೇ ಇದ್ದ. ಒಂದು ಮಾತು ಸಾಕಿತ್ತು. ನಾನು ಉಸಿರು ಬಿಗಿಹಿಡಿದು ನಿಂತೆ.

"ನಾಳಿ ಬರತೀರಲ್ಲ ಕಾಕಾ?" ಎಂದೆ ಕೊನೆಗೆ. ಅದೂ ಸಣ್ಣ ದನಿಯಲ್ಲಿ.

"ನೋಡೂಣಂತ್ರಿ," ಎಂದರು. ಪ್ಯಾಂಟಿನ ತುದಿ ಮಡಿಸಿ, ಸೈಕಲ್ ಎತ್ತಿ ಹಿಡಿದು ನೀರು ದಾಟಿ ಹೋದರು. ಆ ರಸ್ತೆಯಲ್ಲಿ ಅವರನ್ನು ಮತ್ತೆ ಕಾಣಲಿಲ್ಲ. ಹಾರೂಗೇರಿಗೆ ಹೋಗಲು ಇನ್ನೊಂದು ದಾರಿಯಿದೆ, ಎರಡು ಮೈಲು ಸುತ್ತು.

ಮೂರು ದಿನಕ್ಕೆ ಒರತೆಯಿಂದ ಬಾವಿ ತುಂಬಿತು. ನಾಲ್ಕನೆಯ ದಿನ ನಾನು ಇಳಿದೆ. ಇಳಿಯದೆ ಇರಬಹುದಿತ್ತು; ಇಳಿದೆ. ಮೊಣಕೈ ತಾನಾಗಿ ಮೇಲೇಳುತ್ತಿತ್ತು. ಅಷ್ಟು ಚೆನ್ನಾಗಿ ನಾನು ಎಂದೂ ಈಜಿರಲಿಲ್ಲ. ದಂಡೆಯ ಮೇಲೆ ಮಾವ ಯಾರೋ ಬೀಗರೊಂದಿಗೆ ನಿಂತಿದ್ದ. ಉಸಿರಿಗೆಂದು ಎಡಕ್ಕೆ ಹೊರಳಿದಾಗ ಅವನ ಮಾತು ಕೇಳಿಸಿತು.

"ಹೆಂಗ ಈಜತಾನ ನೋಡ್ರಿ ನಮ್ಮ ಹುಡುಗಾ. ಯಾರೂ ಕಲಿಸಿಲ್ಲ, ತಾನ ಕಲತಾನ."

ಬಾಯಿ ನೀರಿನಿಂದ ಹೊರಗಿತ್ತು. ಉಸಿರನ್ನಷ್ಟೇ ತೆಗೆದುಕೊಂಡು ಮುಖವನ್ನು ಮತ್ತೆ ನೀರೊಳಗೆ ಇಟ್ಟೆ.