ಪುರ್ಸು ಮಾವ ಎರಕ ಹೊಯ್ದ ಸೀಸ

ಪುರ್ಸು ಮಾವನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಸೀಸ ಕರಗಿಸುತ್ತಿದ್ದ. ಬೇಲೇಕೇರಿಯ ಅವನ ಮನೆಯಂಗಳದಲ್ಲಿ ಮೂರು ಕಲ್ಲಿನ ಒಂದು ಒಲೆ, ಅದರ ಮೇಲೆ ಉದ್ದ ಹಿಡಿಯ ಕಬ್ಬಿಣದ ಸೌಟು. ಹರಿದ ಬಲೆಗಳಿಂದ ಬಿಚ್ಚಿ ತೆಗೆದ ಸೀಸದ ಗುಂಡುಗಳನ್ನು ಅದರಲ್ಲಿ ಹಾಕಿ, ಕರಗಿದ ಮೇಲೆ ಒಣಗಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಿದ್ದ. ತಣಿದ ಮೇಲೆ ಅಂಗೈ ಅಗಲದ ತುಂಡು ಸಿಗುತ್ತಿತ್ತು. ಸಮುದ್ರದಲ್ಲಿ ಮುಳುಗುವವರು ಸೊಂಟದ ಪಟ್ಟಿಗೆ ಪೋಣಿಸಿಕೊಳ್ಳುವ ತೂಕ ಅದು. ಅದಿಲ್ಲದಿದ್ದರೆ ಮೈ ತಳಕ್ಕೆ ಇಳಿಯುವುದೇ ಇಲ್ಲ. ಪುರ್ಸು ಮಾವ ತನ್ನ ತುಂಡಿನ ಒಂದು ಮುಖದಲ್ಲಿ ಮೊಳೆಯಿಂದ ಹೆಸರು ಗೀಚುತ್ತಿದ್ದ. ತನಗೆ ಅನ್ಯಾಯ ಮಾಡಿದವರ ಹೆಸರು.

"ಇಂವ ನಮ್ ಭಾವ. ನನ್ ಬಲೆ ಒಯ್ದು ತನ್ದೇ ಅಂತ ಮಾರ್ದಂವ. ಇಂವ ಐಸ್ ಫ್ಯಾಕ್ಟರಿಯಂವ, ನನ್ ಮಗಳ ಮದ್ವೆಗೆ ಕರೆದ್ರೂ ಬರ್ಲಿಲ್ಲ," ಎಂದು ತುಂಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದ. "ಮುಳುಗೂಕೆ ತೂಕ ಹೆಂಗೂ ಬೇಕಲ್ರಾ. ಬೇಡಾದವ್ರನ್ನೇ ಹೊತ್ಕಂಡ್ರೆ ಆಯ್ತು."

ಅದಕ್ಕೊಂದು ಕಟ್ಟಳೆಯೂ ಇತ್ತು. ಸೇಡು ತೀರಿತೋ, ಆ ತುಂಡು ಸಮುದ್ರಕ್ಕೆ. ತಪ್ಪು ಮಾಡಿದವರೇ ಬಾಗಿಲಿಗೆ ಬಂದು ತಪ್ಪಾಯಿತು ಅಂದರೆ, ಅವರ ಕಣ್ಣೆದುರೇ ಅದನ್ನು ಸೌಟಿಗೆ ಹಾಕಿ ಕರಗಿಸುತ್ತಿದ್ದ. ಎರಡೂ ಆಗದಿದ್ದರೆ ಸೊಂಟದಲ್ಲೇ ಇರುತ್ತಿತ್ತು, ಹೆಸರಿನ ಮುಖ ಒಳಗೆ, ಹೊಟ್ಟೆಗೆ ತಾಗಿ.

ನನ್ನದೂ ಅಂಥದೇ ಸಿಟ್ಟು. ಅದಕ್ಕೇ ಇರಬೇಕು, ನಾನು ಅವನ ಬಾಗಿಲಿಗೆ ಹೋದದ್ದು.

ನಾನು ಹಟ್ಟಿಕೇರಿ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ನಮ್ಮ ಕಡೆ ಟೀಚರಮ್ಮನಿಗೆ 'ಅಕ್ಕೋರು' ಅನ್ನುತ್ತಾರೆ. ಒಂದು ಕ್ರಿಸ್‌ಮಸ್ ರಜೆಯಲ್ಲಿ ಸಹೋದ್ಯೋಗಿಗಳ ಜೊತೆ ಕಾರವಾರಕ್ಕೆ ಹೋದಾಗ, ಪ್ರವಾಸಿಗರನ್ನು ಮುಳುಗಿಸಿ ಮೀನು ತೋರಿಸುವ ಬೋಟೊಂದನ್ನು ಹತ್ತಿದೆ. ಒಬ್ಬ ಮುದುಕ ನನ್ನ ಮುಖಕ್ಕೆ ಮಾಸ್ಕ್ ತೊಡಿಸಿದ. ನೀರಿಗಿಳಿದು ಎರಡು ನಿಮಿಷವಾಗಿಲ್ಲ, ಮಾಸ್ಕಿನ ಸಂದಿಯಿಂದ ನೀರು ನುಗ್ಗಿ ಮೂಗು, ಕಣ್ಣು ಎಲ್ಲಾ ಉಪ್ಪು. ಜೀವವೇ ಬಾಯಿಗೆ ಬಂತು. ಮೇಲೆ ಬಂದು "ಅಯ್ಯೋ ಅಪ್ಪಾ, ಸತ್ತೆ!" ಎಂದು ಕಿರುಚಿದೆ. ಬೋಟಿನ ಧಣಿ, ಕಪ್ಪು ಕನ್ನಡಕದ ಗಂಡಸು, ಅದನ್ನು ನಗುನಗುತ್ತಾ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ. ವಾರದೊಳಗೆ ಅದು ನಮ್ಮ ಶಾಲೆಗೂ ಬಂತು. ನಾನು ಬೋರ್ಡಿನ ಕಡೆ ತಿರುಗಿದೊಡನೆ ಹಿಂದಿನ ಬೆಂಚಿನಿಂದ "ಅಯ್ಯೋ ಅಪ್ಪಾ, ಸತ್ತೆ" ಎಂಬ ಪಿಸುಮಾತು ಕೇಳುತ್ತಿತ್ತು. ಧಣಿಗೆ ಎರಡು ಪುಟದ ಕಾಗದ ಬರೆದೆ, ಮೇಲಧಿಕಾರಿಗಳಿಗೂ ಕಳಿಸುತ್ತೇನೆಂದು ಹೆದರಿಸಿ, ಕೆಳಗೆ 'ಶಿಕ್ಷಕಿ' ಎಂದು ಸಹಿ ಹಾಕಿದೆ. ಹರಿದ ಮಾಸ್ಕ್ ತೊಡಿಸಿದ ಆ ಮುದುಕನನ್ನು ಕೆಲಸದಿಂದ ತೆಗೆಯಬೇಕು ಎಂದೂ ಬರೆದೆ.

ತೆಗೆದ. ಸಂತೋಷದಿಂದಲೇ ತೆಗೆದ. ಆ ಮುದುಕ 'ಈ ಮಾಸ್ಕುಗಳನ್ನ ಎಸೀರಿ, ರಬ್ಬರು ಸತ್ತಿದೆ' ಎಂದು ಧಣಿಯ ಬೆನ್ನು ಹತ್ತಿದ್ದನಂತೆ. ಇದನ್ನು ಹೇಳಿದವಳು ಕಡಲತೀರದ ಚಹಾದಂಗಡಿಯವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ಮುದುಕನ ಹೆಸರು ಪುರ್ಸು ಎಂದೂ, ಬೇಲೇಕೇರಿಯವನೆಂದೂ ಅವಳೇ ಹೇಳಿದಳು.

ತಪ್ಪಾಯಿತು ಅನ್ನಲಿಕ್ಕೆ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಅದೂ ಮನಸ್ಸಿನಲ್ಲಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಧಣಿಯ ಮೇಲಿನ ಸೇಡು. ನನ್ನದೇ ಸಾಮಾನು ತೊಟ್ಟು, ಅವನದೇ ಬೋಟಿನಿಂದ, ಅವನ ಕಣ್ಣೆದುರೇ ಇಳಿಯಬೇಕು. ಅದನ್ನು ಕಲಿಸುವವರು ಬೇಕಿತ್ತು.

ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಪುರ್ಸು ಮಾವ ತಲೆ ಎತ್ತಿ ನೋಡಿದ.

"ಬನ್ನಿ ಅಕ್ಕೋರೆ. ಎಂತಾ ಬೇಕಾಗಿತ್ತು?"

ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಅವನ ಮುಖದಲ್ಲಿ ಗುರುತಿನ ಸುಳಿವೇ ಇರಲಿಲ್ಲ. ದಿನಕ್ಕೆ ಮೂವತ್ತು ಮುಖಕ್ಕೆ ಮಾಸ್ಕ್ ತೊಡಿಸುವವನು ನನ್ನನ್ನೇನು ನೆನಪಿಟ್ಟಾನು ಎಂದುಕೊಂಡೆ. "ಮುಳುಗೂದು ಕಲೀಬೇಕು ಮಾವ. ಸಾಮಾನು ಕೊಳ್ಳಬೇಕು. ಹೆಚ್ಚು ದುಡ್ಡಿಲ್ಲ," ಅಂದೆ.

"ಎಂತಕೆ ಕಲೀಬೇಕು?"

"ಒಬ್ಬನ ಸೊಕ್ಕು ಇಳಿಸಬೇಕು." ಧಣಿಯ ಗುರುತು ಹೇಳಿದೆ.

ಅವನ ಮುಖ ಅರಳಿತು. "ಹಾಂಗಾದ್ರೆ ಕೂತ್ಕಳಿ," ಎಂದು ಮಣೆ ತಳ್ಳಿದ. ತನ್ನ ಕೆಲಸ ಹೋದ ಕತೆಯನ್ನೂ ಹೇಳಿದ. "ಯಾವ್ದೋ ಒಂದು ಹೆಂಗ್ಸು ಕಾಗ್ದ ಬರ್ದಿತ್ತಂತೆ."

"ಯಾರಂತೆ?"

"ಯಾರೋ. ಅವ್ಳು ತಾನಾಗೇ ಬಂದು ಹೇಳ್ಲಿ, ಅಲ್ದಾ?" ಸೌಟಿನಲ್ಲಿ ಸೀಸ ಕನ್ನಡಿಯಂತೆ ಹೊಳೆಯುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು, ನುಂಗಲಾರೆ, ಉಗುಳಲಾರೆ. ಇವನು ಸಿಟ್ಟಿಗೆದ್ದರೆ ನನ್ನ ಸೇಡಿನ ಗತಿಯೇನು? ಮಾಸ್ಕಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದೆ.

ಅಂದಿನಿಂದ ಪ್ರತಿ ಭಾನುವಾರ ಅವನ ಅಂಗಳ. ನಾನು ಹೋದಾಗೆಲ್ಲ ಒಲೆ ಉರಿಯುತ್ತಿತ್ತು, ಸೌಟು ಕಾದಿರುತ್ತಿತ್ತು. ಬೇರೆಯವರಿಗೂ ತೂಕ ಹೊಯ್ದು ಕೊಡುತ್ತಾನೆ ಅಂದುಕೊಂಡಿದ್ದೆ.

ಸಾಮಾನು ಕೊಳ್ಳುವುದರಲ್ಲಿ ಅವನಂಥ ಜಿಗುಟ ಇನ್ನೊಬ್ಬನಿಲ್ಲ. ನಾನು ಮೊಬೈಲಿನಲ್ಲಿ ಒಂದು ಪೂರ್ತಿ ಸೆಟ್ಟಿನ ಚಿತ್ರ ತೋರಿಸಿದೆ. ಗುಲಾಬಿ ಬಣ್ಣ, ಚೀಲವೂ ಉಚಿತ. "ಮದ್ವೆ ದಿಬ್ಬಣಕ್ಕೆ ಹೊರಟ್ರಾ?" ಅಂದ. "ಮುಖಕ್ಕೆ ಹೊಸತು, ಕಾಲಿಗೆ ಹಳೇದು, ಉಸಿರಿಗೆ ನೋಡಿ ತಕಂಡಿದ್ದು. ಇಷ್ಟೇ ಲೆಕ್ಕ."

ಮಾಸ್ಕಿಗಾಗಿ ಗೋವಾದ ಅಂಗಡಿಗೆ ಕರೆದೊಯ್ದ. ಪಟ್ಟಿ ಕಟ್ಟದೆ ಮಾಸ್ಕನ್ನು ಬರೀ ಮುಖಕ್ಕೆ ಒತ್ತಬೇಕು, ಮೂಗಿನಿಂದ ಉಸಿರೆಳೆದು ಕೈ ಬಿಡಬೇಕು. ಬೀಳದೆ ಅಂಟಿ ನಿಂತರೆ ಅದು ನಮ್ಮ ಮುಖದ್ದು. ದುಬಾರಿಯವು ಒಂದಾದ ಮೇಲೊಂದು ನನ್ನ ಮಡಿಲಿಗೆ ಬಿದ್ದವು. ಸೇಲ್ಸ್‌ಮನ್ ಗಡಿಯಾರ ನೋಡತೊಡಗಿದ. ಕೊನೆಗೆ ಮೂಲೆಯ ಡಬ್ಬಿಯಲ್ಲಿದ್ದ ಒಂದು ಕರೀ ಮಾಸ್ಕ್, ಎಲ್ಲಕ್ಕಿಂತ ಅಗ್ಗದ್ದು, ಹಲ್ಲಿಯಂತೆ ಅಂಟಿಕೊಂಡಿತು. "ನಿಮ್ ಮೋರೆ ಅಗಲ ಅಕ್ಕೋರೆ. ಚೆಂದ ನೋಡೂಕೆ ಹೋಗ್ಬೇಡಿ," ಎಂದು ಅಂಗಡಿಯವನ ಎದುರೇ ಹೇಳಿಬಿಟ್ಟ.

ಕಾಲಿಗೆ ತೊಡುವ ರಬ್ಬರಿನ ರೆಕ್ಕೆಯಂಥ ಫಿನ್ಸ್ ಮತ್ತು ಗಾಳಿ ತುಂಬುವ ಜಾಕೆಟ್ಟು ತೋಡೂರಿನವನೊಬ್ಬನ ಹತ್ತಿರ ಹಳೆಯವು ಸಿಕ್ಕವು. ಜಾಕೆಟ್ಟನ್ನು ಬಾಯಿಂದ ಊದಿ ತುಂಬಿಸಿ, ಅವನ ಮನೆಯ ಕಟ್ಟೆಯ ಮೇಲೇ ಒಂದು ದಿನ ಇಟ್ಟೆವು. ಬೆಕ್ಕು ಅದರ ಮೇಲೆ ಮಲಗಿತು. ಮಾರನೇ ದಿನವೂ ಉಬ್ಬಿಕೊಂಡೇ ಇದ್ದುದರಿಂದ ವ್ಯಾಪಾರ ಕುದುರಿತು. ಅಲ್ಲಿವರೆಗೆ ಚೌಕಾಸಿಯಲ್ಲಿ ಪ್ರಾಣ ಹಿಂಡಿದ ಪುರ್ಸು ಮಾವ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರಿನ ವಿಷಯ ಬಂದಾಗ ಬದಲಾದ. ಹಳೆಯದೇ ಆದರೂ ಅದರ ಕೊಳವೆಗಳನ್ನು ಬಗ್ಗಿಸಿ ಬಗ್ಗಿಸಿ ಬಿರುಕು ಹುಡುಕಿದ, ಬಿಚ್ಚಿ ರಿಪೇರಿ ಮಾಡಿಸಿದ ಚೀಟಿ ಕೇಳಿದ. ಚೀಟಿ ಇಲ್ಲದ ಎರಡನ್ನು ವಾಪಸ್ ಕೊಟ್ಟ. "ಉಸಿರಿಗೆ ಚೌಕಾಸಿ ಮಾಡ್ಬಾರ್ದು. ಉಳಿದ ದುಡ್ಡು ಯಾರು ಖರ್ಚು ಮಾಡೂದು?" ಸಿಲಿಂಡರು ಬಾಡಿಗೆಗೆ. ಮೈಗೆ ಬಿಗಿ ಪ್ಯಾಂಟು, ತುಂಬುತೋಳಿನ ಅಂಗಿ ಸಾಕು ಅಂದ.

ತೂಕದ ಪಟ್ಟಿಗೆ ಮೂರು ತುಂಡು ಹೊಸದಾಗಿ ಹೊಯ್ದು ಕೊಟ್ಟ. ನಾಲ್ಕನೆಯದು ಅವನದೇ. "ಇದೊಂದು ಎರವಲು," ಎಂದು ಪ್ರತಿ ಭಾನುವಾರ ತಾನೇ ಪೋಣಿಸುತ್ತಿದ್ದ, ಪಾಠ ಮುಗಿದೊಡನೆ ತಾನೇ ಬಿಚ್ಚಿಕೊಂಡು ಒಳಗೊಯ್ಯುತ್ತಿದ್ದ.

ಪಾಠವೆಂದರೆ ಹಿಂಸೆಯೇ. ಎದೆಮಟ್ಟದ ನೀರಿನಲ್ಲಿ ಮಂಡಿಯೂರಿ, ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಳ್ಳಬೇಕು. ಆಮೇಲೆ ಮೇಲಂಚನ್ನು ಒತ್ತಿ ಹಿಡಿದು, ಮುಖ ಎತ್ತಿ, ಮೂಗಿನಿಂದ ಉಸಿರೂದಿ ಆ ನೀರನ್ನು ಹೊರಗೆ ಹಾಕಬೇಕು. ಐವತ್ತು ಸಲ. ಅವನು ಕವುಚಿ ಹಾಕಿದ ದೋಣಿಯ ಮೇಲೆ ಕೂತು ಶೇಂಗಾ ತಿನ್ನುತ್ತಾ ಎಣಿಸುತ್ತಿದ್ದ. ನಲವತ್ತೆಂಟಕ್ಕೋ ನಲವತ್ತೊಂಬತ್ತಕ್ಕೋ ಬಂದಾಗ, "ಲೆಕ್ಕ ತಪ್ಪಿ ಹೋಯ್ತು ಅಕ್ಕೋರೆ. ಮೊದ್ಲಿಂದ" ಅನ್ನುತ್ತಿದ್ದ. ಕಣ್ಣು ಕೆಂಡವಾಗುತ್ತಿತ್ತು. ಮೂಗಿನಿಂದ ರಕ್ತವೂ ಬಂತು ಒಂದು ದಿನ. "ಮುದುಕಾ, ನಿನ್ನ ಮನೆ ಹಾಳಾಗ!" ಎಂದು ಬೈದೆ. ಹಲ್ಲು ಕಿರಿದ. "ಬೈಯಿರಿ. ಬೈದು ಮತ್ತೆ ಮುಳುಗಿ."

ಮಳೆಗಾಲ ಕಳೆದ ಮೇಲೆ ಗೋವಾದಲ್ಲಿ ಮುಳುಗುವ ಕೋರ್ಸು ಮುಗಿಸಿ ಅದರ ಕಾರ್ಡು ಪಡೆದೆ. ಡಿಸೆಂಬರಿನಲ್ಲಿ, ಅದೇ ರಜೆಯಲ್ಲಿ, ಅದೇ ಬೋಟು. ಹೊರಡುವ ಮುನ್ನ ಪುರ್ಸು ಮಾವ ನಾಲ್ಕನೇ ತುಂಡನ್ನು ಪೋಣಿಸಿಕೊಟ್ಟು, ತಾನು ಗಾಳಿಮರದ ಬುಡದಲ್ಲಿ ಕೂತ. ಧಣಿ ನನ್ನನ್ನು ನೋಡಿದ್ದೇ ನಕ್ಕ. "ಓಹೋ, ಮೇಡಂ! ಈ ಸಲ ಅಪ್ಪನ್ನ ಕರ್ಕೊಂಡೇ ಬಂದ್ರಾ?"

ತಾನೇ ನನ್ನ ಜೊತೆ ಇಳಿದ, ತಮಾಷೆ ನೋಡಲಿಕ್ಕೆ. ಕೆಳಗೆ ತಿರುಗುವಾಗ ಅವನ ಫಿನ್ ಬಂದು ನನ್ನ ಮುಖಕ್ಕೆ ಬಡಿಯಿತು. ಬೇಕೆಂದೇ ಬಡಿದನೋ, ತಾಗಿತೋ, ಆಣೆ ಮಾಡಿ ಹೇಳಲಾರೆ. ಮಾಸ್ಕು ಓರೆಯಾಯಿತು, ನೀರು ತುಂಬಿತು, ಕಣ್ಣು ಕತ್ತಲೆ. ಆದರೆ ಕೈ ತಾನಾಗಿ ಮೇಲಂಚಿಗೆ ಹೋಯಿತು. ಮುಖ ಎತ್ತಿದೆ, ಊದಿದೆ. ನೀರು ಹೊರಟುಹೋಯಿತು. ಸ್ವಚ್ಛ ಗಾಜಿನೊಳಗಿಂದ ಅವನ ಮುಖವನ್ನೇ ನೋಡುತ್ತಾ ನೀರಿನಡಿಯಲ್ಲೇ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ.

ಅಷ್ಟಕ್ಕೇ ಬಿಡುವವಳಲ್ಲ ನಾನು. ದಡಕ್ಕೆ ಬಂದಾಗ ಮುಂದಿನ ಸರದಿಯವರು ಬೋಟಿನ ಮಾಸ್ಕು ಹಿಡಿದು ಸಾಲಾಗಿ ನಿಂತಿದ್ದರು. ಶಾಲೆಯ ದನಿಯಲ್ಲಿ ಹೇಳಿದೆ: "ಎಲ್ಲರೂ ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ. ಮೂಗಿನಿಂದ ಉಸಿರೆಳೀರಿ. ಈಗ ಕೈ ಬಿಡಿ." ಟಪ್, ಟಪ್, ಟಪ್ ಎಂದು ಮಾಸ್ಕುಗಳು ಮರಳಿಗೆ ಉದುರಿದವು. ನನ್ನದೊಂದೇ ಮುಖದಲ್ಲಿ ಉಳಿಯಿತು. "ನೀರೊಳಗೂ ಹೀಗೇ," ಅಂದೆ. ಸಾಲು ಒಡೆಯಿತು. ದುಡ್ಡು ವಾಪಸ್ ಕೊಡು ಎಂದು ಜನ ಧಣಿಯನ್ನು ಮುತ್ತಿದರು. ಯಾರೋ ಮೊಬೈಲಿನಲ್ಲಿ ಹಿಡಿದೂ ಹಿಡಿದರು. ಆಹಾ, ಆ ದಿನದ ಸುಖ! ಇಂದಿಗೂ ನೆನೆದರೆ ಊಟ ಎರಡು ತುತ್ತು ಹೆಚ್ಚು ಸೇರುತ್ತದೆ.

ಪುರ್ಸು ಮಾವ ಎದ್ದು ನೀರಂಚಿಗೆ ಹೋಗಿ, ತನ್ನ ಸೊಂಟದಲ್ಲಿದ್ದ ಧಣಿಯ ಹೆಸರಿನ ತುಂಡನ್ನು ಬೀಸಿ ಎಸೆದ. ವಾಪಸ್ ಬಂದು ನನ್ನ ಪಟ್ಟಿಯಿಂದ ತನ್ನ ಎರವಲಿನ ತುಂಡನ್ನು ಬಿಚ್ಚಿಕೊಂಡ.

"ಒಂದು ಮುಗೀತು. ಇನ್ನೊಂದದೆ."

"ಯಾರದು ಮಾವ?"

ತುಂಡನ್ನು ಅಂಗೈಯಲ್ಲಿ ಕವುಚಿ ಹಿಡಿದುಕೊಂಡ. "ನೀವೇ ಹೇಳಿ ಅಕ್ಕೋರೆ," ಅಂದ.

ಆ ಕಾಗದ ಬರೆದ ಹೆಂಗಸಿನ ಮಾತೇ ಇರಬೇಕು ಅನ್ನಿಸಿತು. ಈಗಲಾದರೂ ಹೇಳು ಎಂದು ಮನಸ್ಸು ಚುಚ್ಚಿತು. ಗೆದ್ದ ದಿನ ಯಾಕೆ ಕೆಡಿಸಿಕೊಳ್ಳಲಿ ಎಂದು, "ನಂಗೆ ಹ್ಯಾಗೆ ಗೊತ್ತು?" ಎಂದು ನಕ್ಕು ಅವನ ಕೈಯ ಪೊಟ್ಟಣದಿಂದ ಶೇಂಗಾ ತೆಗೆದುಕೊಂಡೆ. ಅವನೂ ನಕ್ಕ.

ಮುಂದಿನ ಮಳೆಗಾಲದಲ್ಲಿ ಎದೆಗೆ ಕಫ ಕಟ್ಟಿ ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ನನಗೆ ಸುದ್ದಿ ತಿಳಿದು ಓಡಿದಾಗ ಎಲ್ಲ ಮುಗಿದಿತ್ತು. ಅಂಗಳದ ಒಲೆಯಲ್ಲಿ ಮಳೆನೀರು ನಿಂತಿತ್ತು. ಅವನ ಹೆಂಡತಿ ದೇವಕಿ ಅತ್ತೆ ಒಳಗಿನಿಂದ ಒಂದು ಬಟ್ಟೆಗಂಟು ತಂದಳು. "ಇದು ನಿಮ್ದೇ ಅಂತೆ," ಎಂದು ಕೈಗಿಟ್ಟಳು.

ಎರವಲಿನ ತುಂಡು. ತಿರುಗಿಸಿ ನೋಡಿದೆ. ಮೊಳೆಯಿಂದ ಗೀಚಿದ ಅಕ್ಷರ: ಅಕ್ಕೋರು.

ಬನ್ನಿ ಅಕ್ಕೋರೆ ಅಂದಿದ್ದ, ಮೊದಲ ದಿನ. ನಾನು ಟೀಚರು ಎಂದು ಆಗಿನ್ನೂ ಹೇಳಿರಲೇ ಇಲ್ಲ.

"ನೀವು ಬರೂದ್ಕಿಂತ ಮೊದ್ಲೇ ಹೊಯ್ದಿದ್ರು," ಅಂದಳು ಅತ್ತೆ. "ನೀವು ಬರ್ತಾ ಇರೂವಾಗ ಐತವಾರ ಬಂತು ಅಂದ್ರೆ, 'ಒಲೆ ಹಚ್ಚೇ, ಅಕ್ಕೋರು ಇವತ್ತು ಹೇಳ್ತ್ರು' ಅಂತಿದ್ರು. ಕಟ್ಟಿಗೆ ನಾನೇ ಒಟ್ಟೂದು."

ಐವತ್ತು ಸಲ ಮುಳುಗಿಸಿದ್ದು ಪಾಠವಾಗಿತ್ತೋ, ನನ್ನ ಮೇಲಿನ ಸೇಡಾಗಿತ್ತೋ? ಲೆಕ್ಕ ನಿಜವಾಗಿ ತಪ್ಪುತ್ತಿತ್ತೋ, ಬೇಕೆಂದೇ ತಪ್ಪಿಸುತ್ತಿದ್ದನೋ? ಕೇಳಬೇಕಾದವನು ಇಲ್ಲ. ಮಹರಾಯ, ನನ್ನ ಹೆಸರನ್ನು ನನ್ನ ಹೊಟ್ಟೆಗೇ ಕಟ್ಟಿ ಅಷ್ಟು ಭಾನುವಾರ ನೀರಿಗಿಳಿಸಿದ. ಅವನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ತಪ್ಪಾಯಿತು ಮಾವ ಎಂದು ಆ ನೀರು ನಿಂತ ಒಲೆಗೆ ಹೇಳಿದೆ. ಅದೊಂದು ಮಾತಿಗೆ ಎಷ್ಟು ಕಟ್ಟಿಗೆ ಉರಿಸಿದ್ದನೋ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಸೌಟನ್ನು ಕೈಗೆತ್ತಿಕೊಂಡಳು. "ಹೇಳಿದ್ರಲ್ಲ ಈಗ. ಒಲೆ ಹಚ್ಲಾ?"

"ಬೇಡ ಅತ್ತೆ. ಮಾವ ಇದ್ದಾಗ ಹೇಳ್ಲಿಲ್ವಲ್ಲ," ಅಂದೆ. ತುಂಡನ್ನು ಚೀಲಕ್ಕೆ ಹಾಕಿಕೊಂಡು ಮಳೆಯಲ್ಲೇ ಬಸ್‌ಸ್ಟಾಪಿಗೆ ನಡೆದೆ.