ನಿಂತ ಗಾಡಿಯ ಬಾಟಾ

ಮೊನ್ನೆ ಸಾಗರದಲ್ಲಿ ಕಣ್ಣು ತೋರಿಸಿಕೊಂಡು ಹೊಸನಗರದ ಬಸ್ಸಿಗೆ ಕಾಯುತ್ತಿದ್ದೆ. ಗುಜರಿ ಅಂಗಡಿಯವನು ಯಾವುದೋ ಹಳೇ ಲಾರಿಯ ಸೀಟು ಕಿತ್ತು ತಂದು ಅಂಗಡಿ ಎದುರು ಬೆಂಚಿನ ಹಾಗೆ ಹಾಕಿದ್ದ. ಕಾಲು ನೋಯುತ್ತಿತ್ತು, ಕೂತೆ. ಬಿಸಿಲಿಗೆ ಕಾದ ರೆಕ್ಸಿನ್ನು, ಅದರೊಳಗಿನ ತೆಂಗಿನ ನಾರು, ಡೀಸೆಲ್ಲು, ಹಳೇ ಬೀಡಿ... ಆ ವಾಸನೆ ಮೂಗಿಗೆ ಬಡಿಯಿತು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಎದುರಿನ ರಸ್ತೆಯೆಲ್ಲ ಮಂಜು ಮಂಜು. ಆ ಮಂಜಿನೊಳಗೆ ಒಂದು ಲಾರಿ ನಿಂತ ಹಾಗೆ ಕಂಡಿತು. ನಿಜವಾದ ಲಾರಿ ಅಲ್ಲ. ಅಷ್ಟು ನನಗೆ ಗೊತ್ತಾಗುತ್ತದೆ.

ಹಿಂದೆ ಇದೇ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಒಂದು ಗ್ಯಾರೇಜಿನ ಪಕ್ಕ ನಾನು ಊಟದ ಹೋಟೆಲು ನಡೆಸುತ್ತಿದ್ದೆ. ಲಾರಿ ಕೆಟ್ಟರೆ ನನಗೆ ವ್ಯಾಪಾರ. ಹೀಗೆ ಹೇಳಿದರೆ ಕೆಲವರಿಗೆ ಸರಿ ಕಾಣುವುದಿಲ್ಲ, ಆದರೆ ಇದ್ದದ್ದೇ ಹಾಗೆ.

ಡ್ರೈವರುಗಳಿಗೆ ದುಡ್ಡು ಬರುವುದು ಚಕ್ರ ತಿರುಗಿದರೆ. ಗಾಡಿ ಕೆಟ್ಟು ನಿಂತಿತೋ, ಟ್ರಿಪ್ಪಿನ ದುಡ್ಡು ಇಲ್ಲ. ಬರೀ ಬಾಟಾ, ಅಂದರೆ ಊಟ ತಿಂಡಿಯ ಕಾಸು. ಅದೂ ಅರ್ಧ. ಆ ಅರ್ಧ ಸಿಗಬೇಕಾದರೂ ಡ್ರೈವರ್ ಗಾಡಿ ಬಿಟ್ಟು ಹೋಗಬಾರದು. ಕ್ಯಾಬಿನ್ನಿನಲ್ಲೇ ಇದ್ದು ಬ್ಯಾಟರಿ, ಟೈರು ಕಾಯಬೇಕು. ಊರಿಗೆ ಹೋದರೆ ಅದು ರಜೆ ಎಂದು ಲೆಕ್ಕ. ಓನರಿಗೆ ಸಿಟ್ಟು ಬಂದರೆ ಗಾಡಿಗೆ ಬೇರೆ ಡ್ರೈವರ್.

ಆ ಡ್ರೈವರುಗಳಲ್ಲಿ ಒಬ್ಬ ತೀರ್ಥಹಳ್ಳಿ ಕಡೆಯವನು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಮದುವೆ ಆಗಿರಲಿಲ್ಲ. ಗೇರ್ ಬಾಕ್ಸ್ ಹೋಗಿ ಗಾಡಿ ಗ್ಯಾರೇಜಿನ ಹಲಸಿನ ಮರದ ಕೆಳಗೆ ನಿಂತಿತ್ತು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಒಂದು ಬೆಳಿಗ್ಗೆ ತಿಂಡಿಗೆ ಬಂದವನು ದೋಸೆ ಮುರಿಯುತ್ತಾ ಕೂತ, ತಿನ್ನಲಿಲ್ಲ.

"ಅಕ್ಕಾ, ನಾಳೆ ಊರ ಕಡೆ ಹೆಣ್ಣು ನೋಡೋದಿತ್ತು."

"ಹೋಗು ಮತ್ತೆ."

"ಓನರ್ ಕಡೆ ಲೆಕ್ಕ ಬರಿಯೋ ರೈಟರ್ ನಾಳೇನೇ ಬರ್ತಾನೆ, ಸಾಮಾನು ತಗಂಡು. ಕ್ಯಾಬಿನ್ ಖಾಲಿ ಕಂಡ್ರೆ ಬಾಟಾನೂ ಹೋಯ್ತು, ಗಾಡೀನೂ ಹೋಯ್ತು."

"ಹೋಗ್ದೇ ಇದ್ರೆ ಹುಡುಗಿ ಹೋದ್ಲು."

"ಹೋದೋರು ಬೇಕಾದಷ್ಟು ಜನ ಇದಾರೆ ಬಿಡಿ. ಲಾರಿ ಡ್ರೈವರ್ ಅಂದ್ರೆ ಕಾಫೀನೂ ತಣ್ಣಗಿರೋದೇ ಕೊಡ್ತಾರೆ."

ನನಗೆ ರೇಗಿತು. "ಕ್ಯಾಬಿನ್ನಲ್ಲಿ ಜನ ಇದ್ರೆ ಆಯ್ತಲ್ಲ ಮಾರಾಯ? ನಾ ಕೂರ್ತೀನಿ. ನೀ ಮೊದ್ಲು ಮಿಂದು ಅಂಗಿ ಬದ್ಲಾಯ್ಸು. ಗ್ರೀಸಿನ ವಾಸ್ನೆಗೇ ಓಡ್ತಾಳೆ ಆ ಹುಡುಗಿ."

ಮಾರನೇ ದಿನ ಅಡುಗೆ ತಂಗಿಗೆ ಒಪ್ಪಿಸಿ, ಸೀರೆ ಎತ್ತಿ ಕಟ್ಟಿ, ಕ್ಯಾಬಿನ್ ಹತ್ತಿದೆ. ಅಲ್ಲಿಯವರೆಗೆ ಅಷ್ಟು ಎತ್ತರದಲ್ಲಿ ನಾನು ಕೂತದ್ದೇ ಇಲ್ಲ. ನನ್ನ ಹೋಟೆಲಿನ ಮಾಡನ್ನು ಮೇಲಿಂದ ಕಂಡದ್ದು ಅವತ್ತೇ. ಎಷ್ಟೋ ದಿನದಿಂದ ಹುಡುಕುತ್ತಿದ್ದ ಚಟ್ನಿಯ ಚಮಚ ಹಂಚಿನ ಮೇಲೆ ಬಿದ್ದಿತ್ತು. ಕಾಗೆಯ ಕೆಲಸ. ಗಾಳಿ ಬಂದಾಗ ಹಲಸಿನ ಎಲೆಯ ನೆರಳು ಗಾಜಿನ ಮೇಲೆ ಹಿಂದೆ ಹಿಂದೆ ಸರಿಯುತ್ತಿತ್ತು, ಗಾಡಿ ಮುಂದೆ ಹೋಗುತ್ತಿದೆ ಅನ್ನಿಸುತ್ತಿತ್ತು. ನಾನು ಸ್ಟೇರಿಂಗ್ ಹಿಡಿದುಕೊಂಡೆ. ಯಾವ ಊರು ಅಂತಿಲ್ಲ... ಒಂದು ಹೊಳೆ ದಾಟಿದ ಹಾಗೆ, ಯಾರೋ ಕೈ ಎತ್ತಿದ ಹಾಗೆ, ಮತ್ತೆ ಬಯಲು, ಮತ್ತೆ ನೆರಳು. ನಿದ್ದೆಯಲ್ಲ. ಒಲೆಯ ಮುಂದೆ ನಿಂತು ನಿಂತು ಸಾಕಾದವಳಿಗೆ ಕೂತಲ್ಲೇ ಎಲ್ಲೋ ಹೋಗುವುದು ಹೇಗಿರುತ್ತದೆ ಎಂದು ಗೊತ್ತಾಗಿದ್ದು ಅವತ್ತು.

ಬಾಗಿಲು ಬಡಿದ ಸದ್ದಾಯಿತು. ಓನರ್ ಕಡೆಯ ರೈಟರು.

"ಡ್ರೈವರ್ ಎಲ್ಲಿ?"

"ಹೆಣ್ಣು ನೋಡಕ್ಕೆ ಹೋಗಿದಾನೆ."

"ಗಾಡಿ ಬಿಟ್ಟು?"

"ಬಿಟ್ಟು ಎಲ್ಲಿ ಹೋಗಿದಾನೆ? ನಾ ಕೂತಿದೀನಲ್ಲ, ಕಾಣಲ್ವಾ? ಬ್ಯಾಟರಿ ಇದೆ, ಟೈರ್ ಇದೆ, ಎಣ್ಸಿ ನೋಡ್ಕಳಿ. ಅವನ್ ಬಾಟಾ ಮುರೀಬೇಡಿ, ಮುರುದ್ರೆ ಅದನ್ನ ನಂಗೆ ಕೊಡಿ."

ರೈಟರು ನನ್ನ ಹೋಟೆಲಲ್ಲೇ ಉಣ್ಣುವವರು. ನನ್ನನ್ನು ನೋಡಿದರು, ಹೋಟೆಲಿನ ಕಡೆ ನೋಡಿದರು. "ನಿಮ್ಗೆ ಲೈಸೆನ್ಸ್ ಉಂಟಾ ಅಮ್ಮಾ?" ಅಂದರು.

"ಓಡದೇ ಇರೋ ಗಾಡಿಗೆ ಎಂತ ಲೈಸೆನ್ಸು?"

ನಕ್ಕು ಸಾಮಾನು ಇಳಿಸಿಕೊಟ್ಟು ಊಟಕ್ಕೆ ಹೋದರು. ಬಾಟಾ ಮುರಿಯಲಿಲ್ಲ.

ಸಂಜೆ ಬಸ್ಸಿಳಿದು ಅವನು ಸೀದಾ ಕ್ಯಾಬಿನ್ನಿನ ಕೆಳಗೆ ಬಂದು ನಿಂತ.

"ಅವಳೇ ಕೇಳಿದ್ಲು ಅಕ್ಕಾ, ಅಪ್ಪ ಅಲ್ಲ. ಗಾಡಿ ಕೆಟ್ಟು ನಿಂತ್ರೆ ಎಂತ ಕೊಡ್ತಾರೆ ಅಂತ."

"ನೀ ಎಂತ ಹೇಳ್ದೆ?"

"ಇದ್ದದ್ದು ಹೇಳ್ದೆ. ಅರ್ಧ ಬಾಟಾ, ಅದೂ ಕ್ಯಾಬಿನ್ನಲ್ಲಿ ಕೂತ್ರೆ ಅಂತ. ಹಂಗಾದ್ರೆ ಈಗ ಯಾರು ಕೂತಿದಾರೆ ಅಂದ್ಲು. ಹೋಟ್ಲು ಅಕ್ಕ ಅಂದೆ. ನಕ್ಕುಬಿಟ್ಲು."

"ಕಾಫಿ?"

"ಬಿಸಿ ಇತ್ತು."

ಮದುವೆ ಆಯಿತು. ಗಾಡಿ ಓಡುವ ದಿನ ಅವನು ಮನೆಯಲ್ಲಿ ಇರುವುದಿಲ್ಲ, ಅದು ಮೊದಲೇ ಗೊತ್ತಿದ್ದದ್ದು. ಹಾಗಾಗಿ ನಮ್ಮಲ್ಲಿ ಗಾಡಿ ಕೆಟ್ಟು ನಿಂತಿದೆ ಎಂದು ಸುದ್ದಿ ಹೋದರೆ ಸಾಕು, ಅವಳು ಬಟ್ಟೆಗಂಟು ಹಿಡಿದು ತೀರ್ಥಹಳ್ಳಿಯ ಬಸ್ಸಿನಲ್ಲಿ ಬಂದಿಳಿಯುತ್ತಿದ್ದಳು. ಹಳೇ ಸೀರೆ ಹರಿದು ಕ್ಯಾಬಿನ್ನಿಗೆ ಪರದೆ ಕಟ್ಟಿದಳು. ಮಧ್ಯಾಹ್ನದ ಹೊತ್ತು ನೋಡಿದರೆ ಇಬ್ಬರೂ ಮುಂದಿನ ಗಾಜಿನ ಹಿಂದೆ ಕೂತು ದೂರ ನೋಡುತ್ತಿರುತ್ತಿದ್ದರು, ಎಲ್ಲಿಗೋ ಹೊರಟವರ ಹಾಗೆ. ದುಡಿಮೆ ಇಲ್ಲ ಎಂದು ಅವನಿಗೆ ಚಿಂತೆ. ಅವಳು ಮಾತ್ರ ಪಾತ್ರೆ ತೊಳೆಯಲು ನನ್ನ ಜೊತೆ ಕೈ ಜೋಡಿಸುತ್ತಾ ಗುಟ್ಟಾಗಿ ಹೇಳುತ್ತಿದ್ದಳು: "ಮೆಕ್ಯಾನಿಕ್‌ಗೆ ನಿಧಾನ ಮಾಡಕ್ಕೆ ಹೇಳಿ ಅಕ್ಕಾ. ಇವ್ರಿಗೆ ಗೊತ್ತಾಗೋದು ಬೇಡ." ನಾನೂ ಒಂದೆರಡು ಸಲ ಹೇಳಿದ್ದುಂಟು.

ಆಮೇಲೆ ಆ ಗ್ಯಾರೇಜು ಮುಚ್ಚಿತು. ನನ್ನದೂ ಮುಚ್ಚಿತು. ಅವನು ಯಾವ ದಾರಿ ಹಿಡಿದನೋ...

ಹೋದ ವರ್ಷ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವಳೇ ನನ್ನ ಗುರುತು ಹಿಡಿದಳು. ಒಬ್ಬಳೇ ಇದ್ದಳು. ನಾನು ಕೇಳುವ ಮೊದಲೇ ಹೇಳಿದಳು.

"ಹೋದ್ರು ಅಕ್ಕಾ. ಕೊನೇಗೆ ಒಂದು ಮಳೆಗಾಲ ಪೂರ್ತಿ ಮನೇಲೇ ಇದ್ರು. ದಿನಾ ಗಾಡಿ ನಿಂತಂಗೇ. ಬಾಟಾ ಒಂದಿಲ್ಲ, ಅಷ್ಟೆ." ಅಂದವಳು ನಕ್ಕಳು. ಅವನು ಹೆಣ್ಣು ನೋಡಿ ಬಂದು ಹೇಳಿದ್ದ ನಗು ಅದೇ ಇರಬೇಕು.

ಗುಜರಿ ಅಂಗಡಿಯ ಎದುರು ಹೊಸನಗರದ ಬಸ್ಸು ಬಂತು. "ಹತ್ತಿ ಅಜ್ಜಿ, ಬೇಗ" ಎಂದು ಕಂಡಕ್ಟರ್ ಕೂಗಿದ. ನಾನು ಏಳಲಿಲ್ಲ. ಅವನು ಬರುವ ತನಕ ಸೀಟು ಬಿಟ್ಟು ಏಳಬಾರದೆಂದು ಒಪ್ಪಿಕೊಂಡು ಕೂತವಳ ಹಾಗೆ ಕೂತೇ ಇದ್ದೆ. ಬಸ್ಸು ಹೋಯಿತು. ಬಿಸಿಲು ಇಳಿಯಿತು, ಕಣ್ಣಿನ ಮಂಜೂ ಇಳಿಯಿತು, ರಸ್ತೆ ರಸ್ತೆಯ ಹಾಗೆ ಕಂಡಿತು. ಯಾರೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಮುಂದಿನ ಬಸ್ಸಿಗೆ ಹತ್ತಿದೆ.