‘ಆಯ್ತು’ ಎಂದರೆ ಬೈಯುತ್ತಿದ್ದ ಮಾಮಿ

೧೯೮೬ನೆಯ ಇಸವಿ, ನನಗೆ ಆಗ ಹದಿನೈದು ವರ್ಷ. ಮುಂಬಯಿಯ ಜೋಗೇಶ್ವರಿಯಲ್ಲಿದ್ದ ನಮ್ಮ ಚಾಳಿನ ಮೂರನೆಯ ಮಹಡಿಯಲ್ಲಿ, ನಮ್ಮ ಮನೆಯ ನೀಲಿ ಕದದ ಮೇಲೆ, ನನ್ನ ಭುಜದೆತ್ತರಕ್ಕೆ ಸರಿಯಾಗಿ, ದಿನವೂ ಒಂದು ಒದ್ದೆ ಅಂಗೈಯ ಗುರುತು ಮೂಡುತ್ತಿತ್ತು. ಅರ್ಧ ಗಂಟೆಯೊಳಗೆ ಒಣಗಿ ಮಾಯವಾಗುತ್ತಿತ್ತು. ಎದುರುಮನೆಯ ಮಾಮಿ ಕರೆಗಂಟೆಯನ್ನು ಒತ್ತಿದವರೇ ಅಲ್ಲ. ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಎದ್ದು ಬಂದು, ಅಂಗೈ ಅಗಲಿಸಿ ಕದಕ್ಕೆ ಎರಡು ಏಟು ಹಾಕುತ್ತಿದ್ದರು. ಕದ ತೆರೆಯುವ ಮೊದಲೇ ಪ್ರಶ್ನೆ ಬರುತ್ತಿತ್ತು: “ಹೋಯ್ ಮಗಾ, ಊಟ ಆಯ್ತಾ?”

ಮಾಮಿ ಕುಂದಾಪುರದ ಕಡೆಯವರು. ಅವರ ಯಜಮಾನರು ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಅಡುಗೆಯವರು; ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾವು ಮೈಸೂರಿನವರು. ಅಪ್ಪ ಫೋರ್ಟ್ ಕಡೆ ಒಂದು ಕಚೇರಿಯಲ್ಲಿ, ಅಮ್ಮ ಬಾಂದ್ರಾದ ದೂರವಾಣಿ ಕಚೇರಿಯಲ್ಲಿ. ಇಬ್ಬರೂ ಬೆಳಗಿನ ಲೋಕಲ್ ಹಿಡಿದರೆ ಮರಳುವುದು ಸಂಜೆ ಏಳಕ್ಕೆ. ಕನ್ನಡ ಶಾಲೆಯ ಒಂಬತ್ತನೆಯ ತರಗತಿಯಿಂದ ಒಂದೂವರೆಗೆ ಬರುತ್ತಿದ್ದ ನನ್ನ ಮೇಲೆ ಕಣ್ಣಿಡುವ ಕೆಲಸವನ್ನು ಅಮ್ಮ ಮಾಮಿಗೆ ವಹಿಸಿದ್ದಳು. ನಾನಾದರೋ ಮಾಮಿಯ ಮಾತನ್ನು ತಿದ್ದುವ ಕೆಲಸವನ್ನು ಸ್ವಯಂ ವಹಿಸಿಕೊಂಡಿದ್ದೆ.

“‘ಉಂಬುದು’ ಅಲ್ಲ ಮಾಮಿ, ‘ಉಣ್ಣುವುದು’.”

“ನಿಮ್ ಮೈಸೂರಂಗೆ ಉಣ್ಣುವುದು. ನಮ್ಮಲ್ಲಿ ಉಂಬುದೇ. ಹೊಟ್ಟಿಗ್ ಹೋಪುದ್ ಒಂದೇ ಅನ್ನ ಮಾರಾಯಾ.”

ಆ ಅನ್ನ ನನ್ನ ಹೊಟ್ಟೆಗೆ ಹೋಗುವುದು ನಿಂತಿದ್ದು ಆ ವರ್ಷದ ಮಳೆಗಾಲದಲ್ಲಿ. ಶಾಲೆಯ ಕವಾಯತಿನಲ್ಲಿ ಕೈ ಮೇಲೆತ್ತಿದಾಗ ನನ್ನ ಷರಟಿನ ಗುಂಡಿ ಕಿತ್ತು ಹಾರಿತು. ಸಾಲಿಗೆ ಸಾಲೇ ನಕ್ಕಿತು. ಅಂದಿನಿಂದ ನನ್ನ ಹೆಸರು ‘ಢೋಲ್’ ಎಂದಾಯಿತು. ನಾನು ಮೊದಲು ಸಿಹಿಯನ್ನು ಬಿಟ್ಟೆ, ಬಳಿಕ ತುಪ್ಪವನ್ನು, ಬಳಿಕ ಒಂದೊಂದಾಗಿ ಉಳಿದುದನ್ನು. ಪ್ರತಿಯೊಂದಕ್ಕೂ ನಿಯಮವನ್ನು ಬರೆದು ಕ್ರಮಸಂಖ್ಯೆ ಹಾಕಿದೆ. ವ್ಯಾಕರಣದಲ್ಲಿ ಯಾವ ಸೂತ್ರಕ್ಕೂ ಒಂದು ಅಪವಾದವಿರುತ್ತದೆ. ನನ್ನ ಸೂತ್ರಗಳಿಗೆ ಅದೂ ಇರಲಿಲ್ಲ. ತೆಳ್ಳಗಾಗಬೇಕೆಂಬ ಆಸೆ ಎಂದೋ ಹಿಂದೆ ಬಿದ್ದು, ನಿಯಮ ಮುರಿದೀತೆಂಬ ಭಯವೊಂದೇ ಉಳಿಯಿತು. ದೀಪಾವಳಿಯ ಹೊತ್ತಿಗೆ ಮೂರು ಮಹಡಿ ಹತ್ತಲು ಎರಡು ಕಡೆ ಕೂರಬೇಕಾಗುತ್ತಿತ್ತು. ಮುಂಬಯಿಯ ಸೆಕೆಯಲ್ಲೂ ನಾನು ಸ್ವೆಟರ್ ಹಾಕುತ್ತಿದ್ದೆ. ಇದೊಂದು ಕಾಯಿಲೆ ಎಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಓದಿನ ಆಯಾಸವೆಂದು ಅಮ್ಮ, ಬೆಳೆಯುವ ವಯಸ್ಸೆಂದು ಅಪ್ಪ.

ಸುಳ್ಳು ಹೇಳುವುದು ನನಗೆ ಅಸಹ್ಯವಾಗಿತ್ತು. ಆದುದರಿಂದ ನಾನು ವ್ಯಾಕರಣವನ್ನು ಬಳಸಿಕೊಂಡೆ. ಅಮ್ಮ ಮುಚ್ಚಿಟ್ಟು ಹೋಗುತ್ತಿದ್ದ ಅನ್ನವನ್ನು ಡಬ್ಬಿಗೆ ಹಾಕಿಕೊಂಡು, ಸ್ಟೇಷನ್ನಿನ ಬಳಿ ಹಸುವೊಂದನ್ನು ಕಟ್ಟಿಕೊಂಡು, ಅದಕ್ಕೆ ತಿನ್ನಿಸಲು ಬರುವ ಭಕ್ತರಿಗೆ ಹುಲ್ಲು ಮಾರುತ್ತಿದ್ದ ಮರಾಠಿ ಹೆಂಗಸಿನ ಆ ಹಸುವಿಗೆ ಕೊಟ್ಟು ಬರುತ್ತಿದ್ದೆ. “ಊಟ ಆಯ್ತಾ?” ಎಂದು ಮಾಮಿ ಕೇಳಿದರೆ “ಆಯ್ತು” ಎನ್ನುತ್ತಿದ್ದೆ. ಸಂಜೆ ಅಮ್ಮ ಕೇಳಿದರೂ ಅದೇ ಉತ್ತರ; ರಾತ್ರಿ ನಾನು ತಟ್ಟೆ ದೂಡಿದರೆ ಮಧ್ಯಾಹ್ನದ ಊಟ ಹೆಚ್ಚಾಗಿರಬೇಕೆಂದು ಅವಳೇ ಅಂದುಕೊಳ್ಳುತ್ತಿದ್ದಳು. ‘ಊಟ ಆಯಿತು’ ಎಂಬ ವಾಕ್ಯದಲ್ಲಿ ಕರ್ತೃಪದವು ‘ಊಟ’ವೇ ಹೊರತು ಉಂಡವನಲ್ಲ, ಕ್ರಿಯಾಪದ ಪ್ರಥಮ ಪುರುಷ, ನಪುಂಸಕಲಿಂಗ, ಏಕವಚನ. ಊಟವೇನೋ ಆಗಿಯೇ ಇತ್ತು, ಹಸುವಿನದು. ವಾಕ್ಯ ಶುದ್ಧವಾಗಿತ್ತು, ನಾನೂ ಶುದ್ಧನಾಗಿದ್ದೆ. ಹಾಗೆಂದು ಆಗ ತಿಳಿದಿದ್ದೆ.

ಡಿಸೆಂಬರಿನಲ್ಲಿ ಒಂದು ದಿನ ಮಾಮಿ ತರಕಾರಿಗೆಂದು ಸ್ಟೇಷನ್ನಿನ ಕಡೆ ಹೋದಾಗ ಆ ಹುಲ್ಲಿನ ಹೆಂಗಸು ಅವರನ್ನು ತಡೆದು ನನ್ನನ್ನು ಕೊಂಡಾಡಿದಳಂತೆ: ನಿಮ್ಮ ಬಿಲ್ಡಿಂಗಿನ ಹುಡುಗನಷ್ಟು ದೈವಭಕ್ತ ಇಲ್ಲಿಲ್ಲ, ದಿನವೂ ಗೋಮಾತೆಗೆ ಅನ್ನ, ಸಾರು, ಪಲ್ಯ! ಮಾಮಿ ತರಕಾರಿ ಕೊಳ್ಳದೆ ಮರಳಿದರು. ಕದದ ಮೇಲೆ ಎರಡು ಏಟು ಬಿತ್ತು.

“ಊಟ ಆಯ್ತಾ?”

“ಆಯ್ತು ಮಾಮಿ.”

“ಯಾರದ್ದ್?”

ಮೂರನೆಯ ತರಗತಿಗೇ ಶಾಲೆ ಬಿಟ್ಟ ಹೆಂಗಸು, ಯಾವ ಮೇಷ್ಟರೂ ಹಿಡಿಯದ ನನ್ನ ತಪ್ಪನ್ನು ಒಂದೇ ಪದದಲ್ಲಿ ಹಿಡಿದಿದ್ದರು.

“ಯಾರ್ ಉಂಡದ್ದ್, ಹೇಳ್ ಕಾಂಬ. ನೀನಾ, ದನವಾ?”

“ದನ” ಎಂದೆ. ಹಾಗೆಂದ ಮೇಲೆ, ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ, ಅತ್ತುಬಿಟ್ಟೆ.

ಮಾಮಿ ಗದರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು: “ಸಂಜಿಗೆ ನಿನ್ನಮ್ಮಂಗೆ ನೀನೇ ಹೇಳ್. ನೀ ಹೇಳ್ದಿರೆ ನಾ ಹೇಳುದೇ, ಬಿಡುದಿಲ್ಲೆ. ಆರೆ ನೀ ಹೇಳ್ರೆ ಒಳ್ಳೇದ್.” ಸಂಜೆ ಅಮ್ಮ ಚಪ್ಪಲಿ ಬಿಡುವ ಹೊತ್ತಿಗೆ ಮಾಮಿ ನನ್ನ ಹಿಂದೆ ನಿಂತಿದ್ದರು. “ನಾನು ಊಟ ಮಾಡ್ತಾ ಇಲ್ಲಮ್ಮ. ನನ್ನ ಕೈಲಿ ಆಗ್ತಾ ಇಲ್ಲ” ಎಂದೆ. ಅಮ್ಮ ಕೈಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತಳು.

ಮರುದಿನ ಬಾಂದ್ರಾದ ವೈದ್ಯರು ನಾಡಿಯನ್ನು ಬಹಳ ಹೊತ್ತು ಹಿಡಿದಿದ್ದರು. ಎದೆ ದುರ್ಬಲವಾಗಿದೆ, ಇನ್ನೊಂದು ತಿಂಗಳು ತಡೆದಿದ್ದರೆ ಹುಡುಗ ಕೈಗೆ ಸಿಗುತ್ತಿದ್ದನೋ ಇಲ್ಲವೋ ಎಂದು ಅಮ್ಮನನ್ನು ಹೊರಗೆ ಕರೆದು ಹೇಳಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಕೇಳಿಸಿತು. ಎರಡು ವಾರ ಆಸ್ಪತ್ರೆಯಲ್ಲಿದ್ದೆ. ಔಷಧ, ಪಥ್ಯ, ವಾರವಾರದ ತಪಾಸಣೆ, ಎಲ್ಲವನ್ನೂ ವೈದ್ಯರು ನಡೆಸಿದರು. ಅದಕ್ಕೆ ನಾನು ಕೃತಜ್ಞ. ಆದರೆ ಮನೆಗೆ ಮರಳಿದ ಮೇಲಿನ ಮಧ್ಯಾಹ್ನಗಳೆಲ್ಲ ಮಾಮಿಯವು.

ಎರಡು ಗಂಟೆಗೆ ತಮ್ಮ ತಟ್ಟೆಯನ್ನು ಎತ್ತಿಕೊಂಡು ಬಂದು ನನ್ನೆದುರು ಕೂರುತ್ತಿದ್ದರು. ನನ್ನ ತಟ್ಟೆಯನ್ನು ಎಂದೂ ನೋಡಲಿಲ್ಲ, “ಇನ್ನೊಂದು ತುತ್ತು” ಎಂದು ಎಂದೂ ಅನ್ನಲಿಲ್ಲ. ನಲ್ಲಿಯ ಜಗಳ, ಲೋಕಲಿನಲ್ಲಿ ಕಳೆದ ಕೊಡೆ, ಕೆಳಗಿನ ವರ್ಕ್‌ಶಾಪಿನವರ ರೇಡಿಯೊ, ಇವುಗಳ ಸುದ್ದಿಯೇ ಸುದ್ದಿ. ಅವರು ವಿಧಿಸಿದ್ದು ಒಂದೇ ಕಟ್ಟಳೆ. “ಉಣ್ಲಿಲ್ಲೆ ಅಂದ್ರೆ ಬೈತಿಲ್ಲೆ. ಆಯ್ತ್ ಅಂದ್ರೆ ಬೈತೆ.” ಉಂಡರೆ ‘ಉಂಡೆ’ ಎನ್ನಬೇಕು, ಇಲ್ಲವಾದರೆ ‘ಉಣ್ಣಲಿಲ್ಲ’ ಎನ್ನಬೇಕು. ಎಷ್ಟೋ ದಿನ ‘ಉಣ್ಣಲಿಲ್ಲ’ ಎಂದೆ. ಅವರು “ಹ್ಞೂಂ, ನಾಳೆ ಕಾಂಬ” ಎಂದು ತಮ್ಮ ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಮೊದಲ ಸಲ “ಉಂಡೆ” ಎಂದ ದಿನ ಮಾತ್ರ ಬಾಗಿಲಲ್ಲಿ ತಿರುಗಿ, “ಎಂತ ಉಂಡೆ? ಎಳ್ಳುಂಡೆಯಾ?” ಎಂದು ತಮ್ಮ ಹಾಸ್ಯಕ್ಕೆ ತಾವೇ ಕೆಮ್ಮು ಬರುವಷ್ಟು ನಕ್ಕರು.

ದಾರಿ ನೇರವಾಗಿರಲಿಲ್ಲ. ಮಾರ್ಚಿನಲ್ಲಿ ಮೈಸೂರಿನಿಂದ ಬಂದ ನನ್ನ ಸೋದರತ್ತೆ ಕೆನ್ನೆ ಚಿವುಟಿ, “ಪರವಾಗಿಲ್ವೇ, ಮೈಕೈ ತುಂಬ್ಕೊಂಡಿದ್ದಾನೆ!” ಎಂದರು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆಯಿಲ್ಲ. ಅಂದು ರಾತ್ರಿಯಿಂದ ಆರು ದಿನ ನಾನು ಮತ್ತೆ ತಟ್ಟೆಯನ್ನು ದೂಡಿದೆ. ಅಮ್ಮನಿಗೆ ಕಾರಣ ಹೊಳೆಯಲಿಲ್ಲ, ಮಾಮಿಗೆ ಹೊಳೆಯಿತು. ಸೋದರತ್ತೆಯನ್ನೂ ಅಮ್ಮನನ್ನೂ ಒಟ್ಟಿಗೆ ಕೂರಿಸಿ, ಕೈ ಮುಗಿದೇ ಹೇಳಿದರು: “ಮೈ ಸುದ್ದಿ ಬೇಡ ಅಮ್ಮಾ. ದಪ್ಪವೂ ಬೇಡ, ಸಪೂರವೂ ಬೇಡ. ಪಾಠದ್ ಸುದ್ದಿ ಕೇಣಿ, ಕ್ರಿಕೆಟಿನ ಸುದ್ದಿ ಕೇಣಿ. ಕಂಡದ್ದನ್ನೆಲ್ಲ ಹೇಳುಕಾಗ.” ಸೋದರತ್ತೆ ಮುನಿಸಿಕೊಂಡು ಎರಡು ದಿನ ಮೊದಲೇ ಊರಿಗೆ ಹೊರಟರು. ಆ ಮುನಿಸಿನ ಭಾರವನ್ನೂ ಮಾಮಿಯೇ ಹೊತ್ತರು.

ಮುಂದೆ ನಾನು ಇಪ್ಪತ್ತು ವರ್ಷ ಕನ್ನಡ ಕಲಿಸಿದೆ. ಕಟ್ಟುನಿಟ್ಟಿನ ಮೇಷ್ಟರೆಂದು ಹೆಸರಾಗಿದ್ದೆ. ಒತ್ತಕ್ಷರ ತಪ್ಪಿದರೆ ಬಿಡುತ್ತಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದ ಮಗುವನ್ನು ಕಂಡರೆ ಎಲ್ಲ ತಿದ್ದುಪಡಿಯನ್ನೂ ಬದಿಗಿಟ್ಟು ಪಕ್ಕದಲ್ಲಿ ಕೂರುತ್ತಿದ್ದೆ. ಅದು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಮಾಮಿ ೧೯೯೩ರ ಮಳೆಗಾಲದಲ್ಲಿ ತಮ್ಮ ಊರಿನಲ್ಲಿ ತೀರಿಕೊಂಡರು. ಅವರ ಯಜಮಾನರು ಬೈಕುಲ್ಲಾದಿಂದ ಬಂದು ಸುದ್ದಿ ತಿಳಿಸಿ, “ನಿನ್ನನ್ನ್ ಕೇಂತಿದ್ಳ್” ಎಂದರು. ಏನು ಕೇಳುತ್ತಿದ್ದರು ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಅದಕ್ಕೂ ಐದು ವರ್ಷ ಹಿಂದೆ, ನನ್ನ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಮಾಮಿ ತಮ್ಮನ ಮಗಳ ಮದುವೆಗೆಂದು ಮೂರು ವಾರ ಊರಿಗೆ ಹೋಗಿದ್ದರು. ಹೊರಡುವ ದಿನ ಅಮ್ಮ ಕಳವಳದಿಂದ, “ಮಧ್ಯಾಹ್ನ ಇವನ ಜೊತೆ ಯಾರು ಕೂರೋದು ಮಾಮಿ?” ಎಂದಾಗ, “ಯಾರೂ ಬೇಡ ಅಮ್ಮಾ. ಅಂವ ಇದ್ದ ಅಲ್ದಾ?” ಎಂದು ಟ್ರಂಕನ್ನು ಎತ್ತಿಕೊಂಡರು. ಮೊದಲ ವಾರ ನಾನು ಲೆಕ್ಕ ಬಿಡಿಸುವವನಂತೆ ಉಂಡೆ, ಪ್ರತಿ ತುತ್ತಿಗೂ ಮನಸ್ಸಿನೊಡನೆ ವಾದಿಸುತ್ತ. ಎರಡನೆಯ ವಾರದ ಒಂದು ಮಧ್ಯಾಹ್ನ, ಎದುರಿಗೆ ಪತ್ರಿಕೆ ಹರಡಿಕೊಂಡು ಓದುತ್ತ ಉಣ್ಣುತ್ತಿದ್ದೆ. ತಟ್ಟೆ ಬರಿದಾಯಿತು. ಎದ್ದು ಹೋಗಿ, ಪಾತ್ರೆಯಲ್ಲಿದ್ದ ಮೊಸರನ್ನವನ್ನು ಇನ್ನೊಮ್ಮೆ ಬಡಿಸಿಕೊಂಡು ಬಂದು, ನಿಲ್ಲಿಸಿದ ಸಾಲಿನಿಂದ ಓದನ್ನು ಮುಂದುವರಿಸಿದೆ. ತಟ್ಟೆ ತೊಳೆಯುವಾಗಷ್ಟೇ ಅರಿವಾಯಿತು: ನಾನು ಎರಡನೆಯ ಸಲ ಬಡಿಸಿಕೊಂಡಿದ್ದೆ, ಕಾರಣ, ನನಗೆ ಹಸಿವಾಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅಂದು ೧೯೮೮ನೆಯ ಇಸವಿ ಏಪ್ರಿಲ್ ೨೧, ಗುರುವಾರ.